ಹೊಸ ಸಂಸ್ಕಾರಕ, ಹಳೆಯ ಪಹಣಿ

ಮಂಡ್ಯ, ಮದ್ದೂರು, ಮಳವಳ್ಳಿಯ ರೈತರಿಗೆ ಪಹಣಿಯೆಂದರೇನೆಂದು ಹೇಳಿಕೊಡಬೇಕಾಗಿಲ್ಲ. ಬ್ಯಾಂಕಿನ ಬೆಳೆಸಾಲಕ್ಕೂ ಜಮೀನಿನ ವ್ಯಾಜ್ಯಕ್ಕೂ ಅದೇ ಆಧಾರ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಈ ದಾಖಲೆಗಳು ‘ಭೂಮಿ’ ಯೋಜನೆಯಡಿ 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಗಣಕಯಂತ್ರ ಸೇರಿದವು; ಆಗ ಪ್ರತಿಯೊಂದಕ್ಕೆ 15 ರೂಪಾಯಿ ಶುಲ್ಕವಿತ್ತು. ಇದಕ್ಕಾಗಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ತಂತ್ರಾಂಶ ವಿಂಡೋಸ್ ಎನ್.ಟಿ. ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಆ ವ್ಯವಸ್ಥೆಯಲ್ಲಿ ಕನ್ನಡವೇ ಇರಲಿಲ್ಲ! ಬೇರೆ ತಂತ್ರಾಂಶದ ನೆರವಿನಿಂದ ಕೂಡಿಸಬೇಕಾಯಿತು.

ವಿದ್ಯಾರ್ಥಿಗಳೇ, ಯಂತ್ರಕ್ಕೂ ನಾವು ಬರೆಯುವ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವುದೇ ಕಾರ್ಯಾಚರಣೆ ವ್ಯವಸ್ಥೆ. ಯಂತ್ರದ ಭಾಷೆ ಬದಲಾದರೆ ಎರಡನ್ನೂ ಹೊಂದಿಸಿಕೊಳ್ಳಬೇಕು.

ತಾಲ್ಲೂಕು ಕಚೇರಿಗಳಲ್ಲಿ ಈ ಕೆಲಸ ಸಾಗಿದ್ದ ಕಾಲಕ್ಕೇ ಅಮೆರಿಕದಲ್ಲಿ ದೊಡ್ಡ ಸರ್ವರ್‌ಗಳಿಗಾಗಿ ಹೊಸ ಪೀಳಿಗೆಯ ಸಂಸ್ಕಾರಕವೊಂದು ಹೊರಬರುತ್ತಿತ್ತು. 32 ಬಿಟ್‌ನ ವಿಳಾಸಗಳಿಂದ 4 ಗಿಗಾಬೈಟ್ ಸ್ಮೃತಿಯನ್ನಷ್ಟೇ ಗುರುತಿಸಬಹುದು. 64 ಬಿಟ್ ಬಂದರೆ ಆ ಮಿತಿಯಿಲ್ಲ. 1994ರಲ್ಲಿ ಇಂಟೆಲ್ ಮತ್ತು ಹ್ಯೂಲೆಟ್-ಪ್ಯಾಕರ್ಡ್ ಕೈಜೋಡಿಸಿ ಆರಂಭಿಸಿದ ಈ ಪ್ರಯತ್ನದ ಫಲವೇ 2001ರ ಇಟೇನಿಯಂ.

ಅದರ ಬೆನ್ನುಹತ್ತಿದವರು ಎಷ್ಟು ಮಂದಿ! ಹ್ಯೂಲೆಟ್-ಪ್ಯಾಕರ್ಡ್ ತನ್ನ ಎಚ್‌ಪಿ-ಯುಎಕ್ಸ್ ತಂದಿತು, ಮೈಕ್ರೋಸಾಫ್ಟ್ ವಿಂಡೋಸನ್ನು. ಐ.ಬಿ.ಎಂ., ಎಸ್‌ಸಿಒ ಮತ್ತು ಸೀಕ್ವೆಂಟ್ 1998ರಲ್ಲಿ ಸೇರಿ ಹೂಡಿದ ‘ಮಾಂಟೆರೇ’ ದಡ ಸೇರಲಿಲ್ಲ. ಸನ್ ಕಂಪೆನಿ ಸೋಲಾರಿಸ್ ತರುವ ಯತ್ನವನ್ನು ನಡುವೆಯೇ ಕೈಬಿಟ್ಟಿತು. ಲಿನಕ್ಸ್ ಬೆಂಬಲಿಗರು ಮಾತ್ರ ಯಂತ್ರ ಮಾರುಕಟ್ಟೆಗೆ ಬರುವ ಮೊದಲೇ, 2000ದಲ್ಲಿ, ತಮ್ಮ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟರು. ಯಾರೂ ಒಡೆಯರಲ್ಲದ ವ್ಯವಸ್ಥೆ ಒಡೆಯರಿದ್ದವರಿಗಿಂತ ಮುಂದಾದದ್ದು ನನಗಂತೂ ಈ ಕಥೆಯ ಸ್ವಾರಸ್ಯದ ಭಾಗ.

ಆದರೆ ತೊಡಕು ಸಂಸ್ಕಾರಕದಲ್ಲೇ ಇತ್ತು. ಯಾವ ಆದೇಶಗಳನ್ನು ಏಕಕಾಲಕ್ಕೆ ನಡೆಸಬೇಕೆಂಬುದನ್ನು ಕಂಪೈಲರ್ ಮೊದಲೇ ತೀರ್ಮಾನಿಸಬೇಕಿತ್ತು. ಅದು ಎಣಿಸಿದಷ್ಟು ಸುಲಭವಾಗಲಿಲ್ಲ. ಹಳೆಯ ಇಂಟೆಲ್ ಯಂತ್ರಗಳಿಗೆ ಬರೆದ ತಂತ್ರಾಂಶ ಅದರಲ್ಲಿ ನಿಧಾನವಾಗಿ ತೆವಳುತ್ತಿತ್ತು. ಮದ್ದೂರಿನಂಥ ಕಚೇರಿಗಳು ಸೇರಿ ಜಗತ್ತಿನಾದ್ಯಂತ ಆಗಲೇ ಬಳಕೆಯಲ್ಲಿದ್ದ ತಂತ್ರಾಂಶವನ್ನೆಲ್ಲ ಹೊಸದಾಗಿ ಸಜ್ಜುಗೊಳಿಸಲು ಯಾರು ಒಪ್ಪಿಯಾರು? 2003ರ ಏಪ್ರಿಲ್‌ನಲ್ಲಿ ಎ.ಎಂ.ಡಿ. ಹೊರತಂದ ಆಪ್ಟೆರಾನ್ ಹಳೆಯ ಭಾಷೆಯನ್ನು ಉಳಿಸಿಕೊಂಡೇ 64 ಬಿಟ್ ಕೊಟ್ಟಿತು. ಮರುವರ್ಷ ಇಂಟೆಲ್ ಕೂಡ ಅದೇ ಹಾದಿ ಹಿಡಿಯಿತು.

ಇನ್ನೂ ಸೂಜಿಗವೆಂದರೆ, ಹುಟ್ಟಿಗಿಂತ ವಿದಾಯಕ್ಕೆ ಹೆಚ್ಚು ಕಾಲ ಹಿಡಿಯಿತು. ಇಟೇನಿಯಂಗಾಗಿ ಮುಂದೆ ವಿಂಡೋಸ್ ತರುವುದಿಲ್ಲವೆಂದು ಮೈಕ್ರೋಸಾಫ್ಟ್ 2010ರಲ್ಲಿ ಸಾರಿತು. ಕೊನೆಯ ಇಟೇನಿಯಂಗಳು ಇಂಟೆಲ್‌ನಿಂದ ಹೊರಟದ್ದು 2021ರಲ್ಲಿ. ಲಿನಕ್ಸ್ ತಿರುಳಿನಿಂದ ಅದರ ಬೆಂಬಲವನ್ನು ಕಿತ್ತುಹಾಕಿದ್ದು 2023ರಲ್ಲಿ.