ಕಾರಿಗೂ ರೆಕ್ಕೆ

ನಮ್ಮವರಿಗೆ ಹಳೆಯ ಕಾರುಗಳ ಹುಚ್ಚು. ನನಗೆ ಎಂಜಿನ್ನಿನ ಗಂಧವೂ ಇಲ್ಲ. ಒಂದು ಭಾನುವಾರ ಅವರ ಪುಸ್ತಕ ತಿರುವುತ್ತಿದ್ದಾಗ ರೇಸ್ ಕಾರುಗಳ ನಡುವೆ ಒಬ್ಬ ಹೆಂಗಸಿನ ಚಿತ್ರ ಕಂಡು ಕೈ ನಿಂತಿತು. ಹೆಸರು ಎಲ್ಲಿ ಬೈನ್‌ಹಾರ್ನ್. (ನಮ್ಮ ‘ಎಲ್ಲಿ?’ ಅಲ್ಲ, ಹೆಸರೇ ಹಾಗೆ!) ಜರ್ಮನಿಯ ಈ ಹೆಣ್ಣುಮಗಳು 1931ರಲ್ಲಿ ಒಬ್ಬಳೇ ವಿಮಾನ ನಡೆಸಿಕೊಂಡು ಆಫ್ರಿಕಕ್ಕೆ ಹೋಗಿದ್ದಳು. 1936ರಲ್ಲಿ ರೇಸ್ ಚಾಲಕ ಬೆರ್ನ್ಟ್ ರೋಸೆಮಾಯರ್‌ನ ಕೈ ಹಿಡಿದಳು.

1938ರ ಜನವರಿ 28. ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವಿನ ಹೆದ್ದಾರಿ. ಬೆಳಿಗ್ಗೆ ಕರಾಚಿಯೋಲ ಎಂಬಾತ ಮರ್ಸಿಡಿಸ್ ಕಾರಿನಲ್ಲಿ ಗಂಟೆಗೆ 432 ಕಿಲೋಮೀಟರ್ ವೇಗ ಮುಟ್ಟಿದ್ದ. ಅದನ್ನು ಮುರಿಯಲೆಂದು ರೋಸೆಮಾಯರ್ ಆಟೋ ಯೂನಿಯನ್ ಕಾರನ್ನೇರಿದ. ಗಾಳಿಯ ತಡೆ ಕಡಿಮೆಯಾಗಲೆಂದು ಚಕ್ರಗಳನ್ನೂ ಮುಚ್ಚಿ ನುಣುಪಾಗಿ ಹೊದಿಸಿದ್ದ ಕಾರು ಅದು. ಕಾರು ಹತೋಟಿ ತಪ್ಪಿತು, ಅವನು ಬದುಕಲಿಲ್ಲ. ಅಡ್ಡಗಾಳಿ ಬಡಿಯಿತೆಂದು ಹೆಚ್ಚಿನವರ ಮಾತು. ಗಾಳಿಯ ಒತ್ತಡಕ್ಕೆ ಹೊದಿಕೆಯೇ ಕುಸಿಯಿತೆನ್ನುವವರೂ ಇದ್ದಾರೆ. ಮನೆಯಲ್ಲಿ ಎರಡೂವರೆ ತಿಂಗಳ ಗಂಡು ಕೂಸು.

“ಕಾರೇನು ವಿಮಾನವೇನ್ರೀ, ಗಾಳಿಗೆ ಹೆದರೋಕೆ?” ಎಂದೆ.

“ಪಕ್ಕದಿಂದ ನೋಡು, ಅದೂ ರೆಕ್ಕೆಯ ಹಾಗೇ ಇದೆ ಕಣೇ,” ಎಂದರು.

ನೋಡಿದೆ, ಹೌದು! ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಉಬ್ಬಿನ ಮೇಲೆ ಗಾಳಿ ಬೇಗ ಸರಿಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಕೆಳಗಿನ ಒತ್ತಡ ಕಾರನ್ನು ಎತ್ತುತ್ತದೆ. ವೇಗ ಎರಡು ಪಟ್ಟಾದರೆ ಈ ಎತ್ತುವ ಬಲ ನಾಲ್ಕು ಪಟ್ಟು. ನಮ್ಮ ಪೇಟೆಬೀದಿಯಲ್ಲಿ ಅದು ಲೆಕ್ಕಕ್ಕೇ ಬಾರದು. ಆದರೆ ಇನ್ನೂರರ ವೇಗದಲ್ಲಿ ಚಕ್ರದ ಮೇಲಿನ ಭಾರ ಹಗುರವಾಗಿ ನೆಲದ ಹಿಡಿತ ಸಡಿಲುತ್ತದೆ. ಹಿಂಬದಿ ಹಗುರಾದರಂತೂ, ತಿರುವಿನಲ್ಲಿ ಬಾಲವೇ ಮುಂದೆ ಬರಲು ನೋಡುತ್ತದೆ.

ಕಾರು ಮಾಡುವವರು ಬಹುಕಾಲ ಗಾಳಿಯನ್ನು ಸೀಳುವುದನ್ನೇ ಯೋಚಿಸಿದರು, ನೆಲ ಕಚ್ಚಿ ನಿಲ್ಲುವ ಯೋಚನೆ ಹಿಂದುಳಿಯಿತು. 1972ರಲ್ಲಿ ಪೋರ್ಷೆಯವರು ತಮ್ಮ 911ರ ಒಂದು ಮಾದರಿಗೆ ಬಾತಿನ ಬಾಲದಂಥ ಪಟ್ಟಿಯೊಂದನ್ನು ಕೂರಿಸಿದರು. ಅಷ್ಟರಿಂದಲೇ ಹಿಂಭಾಗ ಮೇಲೇಳುವುದು ಬಹಳ ತಗ್ಗಿತು. ಕಲಿತ ಪಾಠ ಎಲ್ಲರಿಗೂ ನೆನಪಿರಲಿಲ್ಲ. ಆಟೋ ಯೂನಿಯನ್ನಿನ ನಾಲ್ಕು ಬಳೆಗಳ ಗುರುತನ್ನೇ ಹೊತ್ತ ಆಡಿ ಕಂಪನಿಯ ಟಿಟಿ ಕಾರು 1998ರಲ್ಲಿ ಬಂತು. ಮುದ್ದಾದ ಗುಂಡು ಬೆನ್ನು. ವೇಗದ ತಿರುವುಗಳಲ್ಲಿ ಅಪಘಾತಗಳಾಗಿ ಸಾವೂ ಸಂಭವಿಸಿದ ಮೇಲೆ, ಕಾರುಗಳನ್ನು ವಾಪಸು ಕರೆಸಿ ಹಿಂದೆ ಸಣ್ಣ ರೆಕ್ಕೆ ಸೇರಿಸಿದರು. ಚೆಂದದ ಬೆನ್ನಿಗೆ ಅದೇಕೆ ಎಂದು ಮೂಗು ಮುರಿದವರೂ ಇದ್ದರಂತೆ!

ನನ್ನ ಮನಸ್ಸು ಮಾತ್ರ ಎಲ್ಲಿಯ ಬಳಿಯೇ ಉಳಿಯಿತು. ಗಾಳಿ ಹೇಗೆ ಎತ್ತುತ್ತದೆಂದು ಆಕೆಗಿಂತ ಚೆನ್ನಾಗಿ ಆ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಗಂಡನ ಕುರಿತು ಅದೇ ವರ್ಷ ಪುಸ್ತಕ ಬರೆದಳು. ಮತ್ತೆ ವಿಮಾನ ಹತ್ತಿದಳು. 2007ರಲ್ಲಿ ತೀರಿಕೊಂಡಾಗ ಆಕೆಗೆ ನೂರು ವರ್ಷ.