ಡಿಮೆನ್ಷಿಯಾ ಸಂಶೋಧನೆಗೆ ಹೆಗಲು ಕೊಟ್ಟವರು

ಆಲ್‌ಝೈಮರ್ ಕಾಯಿಲೆ ಮಿದುಳಿನಲ್ಲಿ ಬೇರುಬಿಡುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ. ಮನೆಯವರು ಆಸ್ಪತ್ರೆಗೆ ಕರೆತರುವ ಹೊತ್ತಿಗೆ ಬಹಳಷ್ಟು ನರಕೋಶಗಳು ನಶಿಸಿಹೋಗಿರುತ್ತವೆ. ರೋಗಿಗಳನ್ನಷ್ಟೇ ನೋಡುತ್ತ ಕೂತರೆ ರೋಗದ ಹುಟ್ಟು ತಿಳಿಯುವುದಿಲ್ಲ. ಇನ್ನೂ ಗಟ್ಟಿಮುಟ್ಟಾಗಿರುವವರು ವರ್ಷಗಟ್ಟಲೆ ಪರೀಕ್ಷೆಗೆ ಒಪ್ಪಿ ಬರಬೇಕು. ಈ ಸಂಶೋಧನೆ ಮುಂದಕ್ಕೆ ಸಾಗಿದ್ದು ಅಂಥವರಿಂದ.

1986ರಲ್ಲಿ ಅಮೆರಿಕದ ಡೇವಿಡ್ ಸ್ನೋಡನ್ ಕ್ಯಾಥೊಲಿಕ್ ಸನ್ಯಾಸಿನಿಯರನ್ನು ಕೇಳಿಕೊಂಡರು. 75 ದಾಟಿದ 678 ಮಂದಿ ಒಪ್ಪಿದರು. ಕಾಲಕಾಲಕ್ಕೆ ನೆನಪಿನ ಪರೀಕ್ಷೆ, ತೀರಿಕೊಂಡ ಮೇಲೆ ಮಿದುಳಿನ ದಾನ, ಇದು ಒಪ್ಪಂದ. ಊಟ, ವಸತಿ, ದಿನಚರಿ ಎಲ್ಲರದೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸುವುದು ಸುಲಭವಾಯಿತು. ಮಠದ ಕಡತಗಳಲ್ಲಿ ಅವರು ಇಪ್ಪತ್ತರ ಆಸುಪಾಸಿನಲ್ಲಿ ಬರೆದ ಆತ್ಮಕಥನಗಳೂ ಸಿಕ್ಕವು. ಆಗ ವಿಚಾರ ದಟ್ಟವಾದ ವಾಕ್ಯ ಬರೆದವರಲ್ಲಿ ಮುಪ್ಪಿನ ಆಲ್‌ಝೈಮರ್ ಕಡಿಮೆಯಿತ್ತು. ಇನ್ನೂ ಬೆರಗಿನ ಸಂಗತಿಯೊಂದಿದೆ. 101 ವರ್ಷ ಬಾಳಿ, ಕೊನೆಯವರೆಗೂ ಚುರುಕಾಗಿದ್ದ ಸನ್ಯಾಸಿನಿಯೊಬ್ಬರ ಮಿದುಳಿನಲ್ಲಿ ರೋಗದ ಗುರುತುಗಳು ಧಾರಾಳವಾಗಿದ್ದವು. ರೋಗವಿದ್ದೂ ಬುದ್ಧಿ ಉಳಿಯುವುದು ಹೇಗೆಂಬ ಪ್ರಶ್ನೆಗೆ ಇದರಿಂದ ಬಲ ಬಂತು.

ಕೊಲಂಬಿಯದ ಆಂಟಿಯೋಕಿಯಾ ಪ್ರಾಂತ್ಯದ ಕಥೆ ಕರುಳು ಹಿಂಡುತ್ತದೆ. ಅಲ್ಲಿನ ಕೆಲವು ವಿಸ್ತಾರವಾದ ಕುಟುಂಬಗಳಲ್ಲಿ ಒಂದು ಜೀನಿನ ದೋಷದಿಂದಾಗಿ ನಲವತ್ತರ ಹರೆಯದಲ್ಲೇ ನೆನಪು ಕುಂದುತ್ತದೆ. ವೈದ್ಯ ಫ್ರಾನ್ಸಿಸ್ಕೊ ಲೊಪೆರಾ 1980ರ ದಶಕದಿಂದ ಅವರ ಜೊತೆ ನಿಂತರು. ರೋಗ ತಡೆಯಲು ಈ ಕುಟುಂಬಗಳು ಭಾಗವಹಿಸಿದ ಔಷಧ ಪ್ರಯೋಗವೊಂದು 2022ರಲ್ಲಿ ಫಲ ಕೊಡಲಿಲ್ಲ. ಆದರೆ ಅದೇ ಕುಟುಂಬಗಳ ಮಹಿಳೆಯೊಬ್ಬರಿಗೆ ದೋಷವಿದ್ದೂ ಎಪ್ಪತ್ತರವರೆಗೆ ನೆನಪು ಕೈಕೊಡಲಿಲ್ಲ. ಅವರಲ್ಲಿದ್ದ ಇನ್ನೊಂದು ಅಪರೂಪದ ಜೀನು ರೂಪ ರಕ್ಷಣೆ ಕೊಟ್ಟಿರಬಹುದೆಂದು 2019ರಲ್ಲಿ ಸಂಶೋಧಕರು ವರದಿ ಮಾಡಿದರು. ಹೊಸ ಚಿಕಿತ್ಸೆಯ ದಾರಿ ಹುಡುಕುವವರಿಗೆ ಅದು ದೊಡ್ಡ ಸುಳಿವು.

ಈ ನಡುವೆ ಸಹಕಾರದ ರೀತಿಯೂ ಬದಲಾಯಿತು. 2004ರಲ್ಲಿ ಅಮೆರಿಕದಲ್ಲಿ ಸರ್ಕಾರ, ವಿಶ್ವವಿದ್ಯಾಲಯ, ಔಷಧ ಕಂಪನಿಗಳು ಸೇರಿ ಆರಂಭಿಸಿದ ‘ಆಡ್ನಿ’ ಅಧ್ಯಯನ ಹಲವು ಕೇಂದ್ರಗಳಲ್ಲಿ ಒಂದೇ ವಿಧಾನದಿಂದ ಮಿದುಳಿನ ಸ್ಕ್ಯಾನ್ ಮಾಡಿಸಿ, ಮಾಹಿತಿಯನ್ನು ಜಗತ್ತಿನ ಸಂಶೋಧಕರಿಗೆ ತೆರೆದಿಟ್ಟಿತು. ಬ್ರಿಟನ್ನಿನಲ್ಲಿ 2015ರಲ್ಲಿ ‘ಜಾಯಿನ್ ಡಿಮೆನ್ಷಿಯಾ ರಿಸರ್ಚ್’ ಎಂಬ ರಾಷ್ಟ್ರೀಯ ನೋಂದಣಿ ಬಂತು. 18 ತುಂಬಿದ ಯಾರೇ ಆಗಲಿ, ರೋಗ ಇರಲಿ ಇಲ್ಲದಿರಲಿ, ಹೆಸರು ಬರೆಸಬಹುದು. ರೋಗಿಯ ಪರವಾಗಿ ಮನೆಯವರೂ ಬರೆಸಬಹುದು. ಹೊಂದುವ ಅಧ್ಯಯನವಿದ್ದರೆ ಕರೆ ಬರುತ್ತದೆ, ಹೋಗುವುದು ಬಿಡುವುದು ಅವರ ಇಷ್ಟ. ಪ್ರಯೋಗಗಳು ಜನ ಸಿಗದೆ ತಿಂಗಳುಗಟ್ಟಲೆ ನಿಲ್ಲುವುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಆದರೂ ಇಂಥ ನೋಂದಣಿಗೆ ಬರುವವರು ಹೆಚ್ಚಾಗಿ ಓದಿಕೊಂಡವರು, ಇಂಟರ್ನೆಟ್ ಬಲ್ಲವರು. ಬಡ ದೇಶಗಳ ಮುದುಕರು ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. ರೋಗಿಗಳಲ್ಲಿ ಮೂರನೆಯ ಎರಡು ಭಾಗ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಅವರ ಬಗ್ಗೆ ನಡೆಯುವ ಸಂಶೋಧನೆ ಶೇ. 10 ಕೂಡ ಇಲ್ಲವೆಂಬ ಸಿಟ್ಟಿನಿಂದಲೇ ‘10/66’ ಸಂಶೋಧಕರ ಬಳಗ ಆ ಹೆಸರಿಟ್ಟುಕೊಂಡಿತು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಈಚಿನ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜು. ನಮ್ಮವರನ್ನು ನೋಡಿದರೆ ಹೊಸದೇನಾದರೂ ತಿಳಿಯುತ್ತದೆಯೇ? ಖಂಡಿತ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಭಾಷೆ ಆಡುವವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಅಕ್ಷರ ಬಾರದವರಲ್ಲೂ. ಎಲ್ಲರೂ ಶಾಲೆ ಕಲಿತ ಸಮಾಜದಲ್ಲಿ ಓದಿನ ಪ್ರಭಾವವನ್ನು ಹೀಗೆ ಬೇರ್ಪಡಿಸಿ ನೋಡುವುದು ಕಷ್ಟ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 2018ರಿಂದ ನಡೆಯುತ್ತಿರುವ ಕೆಲಸ ಇದೇ ಹಾದಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು 45 ದಾಟಿದ ಸುಮಾರು 10,000 ಹಳ್ಳಿಗರನ್ನು ವರ್ಷಗಳ ಕಾಲ ಗಮನಿಸುವ ಗುರಿ ಇಟ್ಟುಕೊಂಡಿದೆ: ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್. ಇನ್ನೂ ಕಾಯಿಲೆಯಿಲ್ಲದ ರೈತರು, ಕೂಲಿಕಾರರು ದಿನದ ಕೆಲಸ ಬಿಟ್ಟು ಬರುತ್ತಾರೆ. ಸಂಶೋಧನೆ ಅವರಿಗೆ ಋಣಿಯಾಗಿರಬೇಕು. ಕಂಡುಕೊಂಡದ್ದನ್ನು ಅವರ ಮಾತಿನಲ್ಲೇ ಅವರಿಗೆ ತಿಳಿಸಬೇಕು.

‘ವಯಸ್ಸಾಯಿತು, ಅರಳುಮರಳು’ ಎಂದು ನಾವು ಮನೆಯ ಹಿರಿಯರನ್ನು ಒಳಗೇ ಕೂರಿಸಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ವೈದ್ಯರಿಗೆ ತೋರಿಸಿ. ಅಧ್ಯಯನಕ್ಕೆ ಕರೆ ಬಂದರೆ ಏನು, ಯಾಕೆ, ಮಾಹಿತಿ ಎಲ್ಲಿ ಉಳಿಯುತ್ತದೆ ಎಂದು ವಿಚಾರಿಸಿ, ಮನಸ್ಸೊಪ್ಪಿದರೆ ಹೆಸರು ಕೊಡಿ. ಮರಣಾನಂತರ ಮಿದುಳು ದಾನ ಮಾಡುವ ಇಚ್ಛೆಯಿದ್ದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದಲೂ ಮಿದುಳು ಬ್ಯಾಂಕ್ ಇದೆ.