ಮೇರಿ ಬ್ರೌನ್ ಮನೆಯ ಬಾಗಿಲು

ಅಪಾರ್ಟ್‌ಮೆಂಟಿಗೆ ಇಂಟರ್‌ಕಾಮ್ ಆರಿಸೋ ಮಾತು ಬಂದಾಗಲೆಲ್ಲ ಚರ್ಚೆ ಬೆಲೆ, ಕ್ಯಾಮೆರಾ, ಕಾರ್ಡು, ಬೆರಳಚ್ಚು ಅಂತಲೇ ಸುತ್ತುತ್ತೆ. ನನಗೆ ಮಾತ್ರ ನೆನಪಾಗೋದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಆಫ್ರಿಕನ್-ಅಮೆರಿಕನ್ ನರ್ಸ್, ಮೇರಿ ವ್ಯಾನ್ ಬ್ರಿಟನ್ ಬ್ರೌನ್.

ಗಂಡ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರದೂ ಹೊತ್ತುಗೊತ್ತಿಲ್ಲದ ಕೆಲಸ. ಸುತ್ತಮುತ್ತ ಕಳ್ಳಕಾಕರ ಭಯ. ಕರೆದರೂ ಪೊಲೀಸರು ಬೇಗ ಬರುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇದ್ದಾಗ ಬಾಗಿಲು ಬಡಿದವರು ಯಾರು ಅಂತ, ಹತ್ತಿರ ಹೋಗದೇ ತಿಳಿಯೋದು ಹೇಗೆ? ದಂಪತಿಗಳು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್ 2ರಂದು ಅದು ಸಿಕ್ಕಿತು.

ಬಾಗಿಲಲ್ಲಿ ಬೇರೆ ಬೇರೆ ಎತ್ತರಕ್ಕೆ 4 ಕಿಂಡಿಗಳು, ಅವುಗಳ ಹಿಂದೆ ಮೇಲೆ-ಕೆಳಗೆ ಸರಿಯುವ ಕ್ಯಾಮೆರಾ, ಒಳಕೋಣೆಯಲ್ಲಿ ಟೀವಿ, ಮಾತಾಡಲು ಮೈಕು. ಬಂದವರು ಗೊತ್ತಿದ್ದವರಾದರೆ ಗುಂಡಿ ಒತ್ತಿ ಚಿಲಕ ತೆಗೆಯಬಹುದು. ಅನುಮಾನ ಬಂದರೆ ಇನ್ನೊಂದು ಗುಂಡಿ ಒತ್ತಿ ಕಾವಲಿನವರಿಗೆ ಸುದ್ದಿ ಮುಟ್ಟಿಸಬಹುದು. ನೋಡಿ, ಕೇಳಿ, ಆಮೇಲೆ ತೆರೆಯೋದು. ತೀರ್ಮಾನ ಒಳಗಿದ್ದವರದೇ.

ಕಾರ್ಡು, ಆಪ್ ಬಂದ ಮೇಲೆ ಆ ತೀರ್ಮಾನ ಯಂತ್ರದೊಳಗಿನ ಪಟ್ಟಿಗೆ ಹೋಯಿತು. ಅದಕ್ಕೇ ಆರಿಸುವಾಗ ನಾನು ಮೊದಲು ಕೇಳೋದು: ಕರೆಂಟು ಹೋದರೆ ಏನಾಗುತ್ತೆ? ಬ್ಯಾಟರಿ ಇಲ್ಲದಿದ್ದರೆ ಅಯಸ್ಕಾಂತದ ಬೀಗ ತಾನಾಗೇ ಬಿಟ್ಟುಕೊಳ್ಳುತ್ತೆ. ಬೆಂಕಿ ಬಿದ್ದಾಗ ಅದೇ ಜೀವ ಉಳಿಸುತ್ತೆ, ಉಳಿದ ದಿನ ಕಳ್ಳನಿಗೆ ದಾರಿ. ಹಾಗಾಗಿ ಬ್ಯಾಟರಿಯೂ ಬೇಕು, ಬೆಂಕಿಯ ಅಲಾರಂ ಕೂಗಿದಾಗ ಬೀಗ ಬಿಡುವ ಏರ್ಪಾಡೂ ಬೇಕು. ಆಮೇಲೆ, ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ ಬಾಗಿಲು ತೆರೆಯೋದು ಹೇಗೆ? ಮನೆಗೆಲಸಕ್ಕೆ ಬರುವವರ ಬೆರಳಚ್ಚು, ಹೋಗಿಬಂದ ಹೊತ್ತು ಯಾರ ಕೈಲಿರುತ್ತೆ?

ನಿಮ್ಮ ಕಟ್ಟಡದಲ್ಲಿ ಇದನ್ನೆಲ್ಲ ಯಾರಾದರೂ ಕೇಳಿದ್ದಾರಾ?